ಕೇಸಿನ ಮೇಲಿದ್ದ ಹೆಸರು

ಗೆಳೆಯ ಮೇಜಿನ ಮೇಲೆ ಇಟ್ಟಿದ್ದು ಕ್ಯಾಮೆರಾದ ಕಂದು ಬಣ್ಣದ ಚರ್ಮದ ಕೇಸು. ಮುಂದುಗಡೆ ರೋಲೈಫ್ಲೆಕ್ಸ್ ಎಂಬ ಅಕ್ಷರಗಳನ್ನು ಒತ್ತಿದ್ದರು. "ಅಪ್ಪನದು ಕಣೋ. ಕೊನೆಯವರೆಗೂ ನನ್ನ ರೋಲೈ, ನನ್ನ ರೋಲೈ ಅಂತಿದ್ದರು. ಯಾವ ವರ್ಷದ್ದು ಅಂತ ಹೇಳು, ಸಾಕು" ಅಂದ.

ಎರಡು ಲೆನ್ಸಿನ ಹಳೆಯ ಕ್ಯಾಮೆರಾ ಕೂಡಿಡುವ ನನ್ನ ಹುಚ್ಚು ಅವನಿಗೆ ಗೊತ್ತು. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಿಂದ ರೋಲೈಫ್ಲೆಕ್ಸ್ ಬಂದ ಮೇಲೆ ಅದೇ ಆಕಾರದ ಕ್ಯಾಮೆರಾಗಳನ್ನು ಎಷ್ಟೋ ಕಂಪನಿಗಳು ಮಾಡಿದವು. ದೂರದಿಂದ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಕೇಸು ಬಿಚ್ಚಿದೆ. ಮೇಲಿನ ಲೆನ್ಸಿನ ನೆತ್ತಿಯ ಮೇಲೆ ಹೆಸರಿನ ಪಟ್ಟಿಯೇ ಇರಲಿಲ್ಲ. ಯಾವಾಗಲೋ ಕಿತ್ತು ಬಿದ್ದಿದೆ. ಕ್ಯಾಮೆರಾ ತಿರುಗಿಸಿದೆ. ರೋಲೈಫ್ಲೆಕ್ಸ್ ಆದರೆ ಎಡಗಡೆ ಫೋಕಸ್ ಮಾಡುವ ದೊಡ್ಡ ನಾಬ್ ಇರಬೇಕು. ಇದರ ಎಡಗಡೆ ಅಂಥದ್ದೇನೂ ಇಲ್ಲ. ಅದರ ಬದಲು ಕೆಳಗಿನ ಲೆನ್ಸಿನ ಅಡಿಯಲ್ಲಿ, ಅತ್ತಿತ್ತ ಸರಿಸುವ ಒಂದು ಸಣ್ಣ ಕಡ್ಡಿ.

ಅಷ್ಟಕ್ಕೇ ಗೊತ್ತಾಯಿತು. ಆದರೆ ಬಾಯಿ ಬರಲಿಲ್ಲ. ಅವನು ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದ. ಸುಮ್ನೆ ಟಾರ್ಚ್ ಹಿಡಿದು ಲೆನ್ಸಿನ ಸುತ್ತಲಿನ ಅಕ್ಷರ ಓದುವ ನೆಪ ಮಾಡಿದೆ. ಚಿಯೊಕೊ ರೊಕ್ಕೋರ್, 75 ಮಿ.ಮೀ., ಎಫ್ 3.5.

"ಇದು ರೋಲೈ ಅಲ್ಲ ಕಣೋ. ಮಿನೋಲ್ಟಾ ಆಟೋಕಾರ್ಡ್. ಜಪಾನಿನದು."

"ಕೇಸಿನ ಮೇಲೆ ಬರೆದಿದೆಯಲ್ಲ?"

ಕೇಸು ಅದಲುಬದಲಾಗುವುದು ಇಂಥ ಕ್ಯಾಮೆರಾಗಳಲ್ಲಿ ಮಾಮೂಲು. ಕೇಸನ್ನಂತೂ ನಾನು ನಂಬುವುದೇ ಇಲ್ಲ. ಹೆಸರಿನ ಪಟ್ಟಿಯನ್ನೂ ಪೂರ್ತಿ ನಂಬುವುದಿಲ್ಲ, ಅದನ್ನೂ ಕಿತ್ತು ಅಂಟಿಸಬಹುದು. ಲೆನ್ಸ್ ಮೇಲಿನ ಅಕ್ಷರ ಜಾಸ್ತಿ ಸತ್ಯ ಹೇಳುತ್ತದೆ. ಯಾಶಿಕಾ ಕಂಪನಿಯ ಕ್ಯಾಮೆರಾದಲ್ಲಿ ಯಾಶಿಕೋರ್ ಎಂದಿದ್ದರೆ ಒಳಗೆ ಮೂರು ಗಾಜು, ಯಾಶಿನಾನ್ ಎಂದಿದ್ದರೆ ನಾಲ್ಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಇಲ್ಲಿ ಚಿಯೊಕೊ ಎಂದಿರುವುದು ಮಿನೋಲ್ಟಾದ ಹಳೆಯ ಕಂಪನಿಯ ಹೆಸರಿನ ಗಿಡ್ಡ ರೂಪ. 1962ರಲ್ಲಿ ಆ ಹೆಸರು ಹೋಯಿತು. ಆಟೋಕಾರ್ಡ್ ಬಂದಿದ್ದು 1955ರಲ್ಲಿ. ಹಾಗಾಗಿ ಹೆಚ್ಚುಕಮ್ಮಿ ಆ ಏಳು ವರ್ಷದೊಳಗಿನದು ಅಂದೆ. ರೊಕ್ಕೋರ್ ಎನ್ನುವುದು ಜಪಾನಿನ ರೊಕ್ಕೋ ಬೆಟ್ಟದ ಹೆಸರಿನಿಂದ ಬಂದದ್ದು ಅಂತಲೂ ಸೇರಿಸಿದೆ. ಅವನ ಮುಖ ಮಾತ್ರ ಹಾಗೇ ಇತ್ತು.

ಫೋಕಸ್ ಕಡ್ಡಿ ಅಲುಗಲಿಲ್ಲ. ಒಳಗಿನ ಗ್ರೀಸ್ ಅಂಟಾಗಿ ಕೂತಿದೆ. ಬಲ ಹಾಕಿದರೆ ಮುರಿಯುವುದಕ್ಕೇ ಹೆಸರಾದ ಕಡ್ಡಿ ಅದು, ಅದಕ್ಕೆ ಕೈ ತೆಗೆದೆ. ಶಟರ್ 1 ಸೆಕೆಂಡಿಗೆ ಇಟ್ಟು ಒತ್ತಿದರೆ ತೆರೆದದ್ದು ಮುಚ್ಚಲು ನಾಲ್ಕು ಸೆಕೆಂಡು ತೆಗೆದುಕೊಂಡಿತು. ಸೆಕೆಂಡಿನ ನೂರನೇ ಒಂದರಲ್ಲಿ ಪರವಾಗಿಲ್ಲ, ಟಿಕ್ ಅಂತು.

ಅವನನ್ನು ಸಮಾಧಾನ ಮಾಡಬೇಕು ಅನ್ನಿಸಿತು. "ಒಂದು ವಿಷಯದಲ್ಲಿ ಇದು ರೋಲೈಗಿಂತ ಮೇಲು" ಅಂದೆ. ರೋಲೈಯಲ್ಲಿ ಫಿಲಂ ಕೆಳಗಿನಿಂದ ಹೊರಟು, ಮೊದಲು ಉರುಳೆಯ ಮೇಲೆ ಬಾಗಿ, ಆಮೇಲೆ ಲೆನ್ಸಿನ ಹಿಂದಕ್ಕೆ ಬರುತ್ತದೆ. ಎರಡು ದಿನ ಹಾಗೇ ಬಿಟ್ಟರೆ ಆ ಬಾಗು ಫಿಲಂನಲ್ಲಿ ಉಳಿದು, ಮುಂದಿನ ಚಿತ್ರದ ಜಾಗ ಮಟ್ಟಸವಾಗಿ ಕೂರದೆ ಹೋಗಬಹುದು. ಆಟೋಕಾರ್ಡ್‌ನಲ್ಲಿ ಫಿಲಂ ಮೇಲಿನಿಂದ ನೇರ ಇಳಿಯುತ್ತದೆ. ಬಾಗುವುದು ಚಿತ್ರ ಮುಗಿದ ಮೇಲೆ.

"ತೋರಿಸ್ತೀನಿ ನೋಡು" ಅಂದವನೇ ಹಿಂದಿನ ಬಾಗಿಲು ತೆಗೆದೆ.

ಒಳಗೆ ಫಿಲಂ ಇತ್ತು.

ತಟಕ್ಕನೆ ಮುಚ್ಚಿದೆ. ಎಷ್ಟು ಚಿತ್ರ ತೆಗೆದಿದೆ ಎಂದು ತೋರಿಸುವ ಕೌಂಟರ್ ನೋಡದೆ ಹಿಂಬದಿ ತೆಗೆಯಬಾರದು ಅಂತ ಎಷ್ಟು ಜನರಿಗೆ ಹೇಳಿದ್ದೇನೋ. ಲೆನ್ಸಿನ ಅಕ್ಷರಗಳನ್ನೆಲ್ಲ ಓದಿದವನಿಗೆ ಪಕ್ಕದಲ್ಲೇ ಇದ್ದ ಅಂಕಿ ಕಣ್ಣಿಗೆ ಬೀಳಲಿಲ್ಲ. ಕಿವಿ ಬಿಸಿಯಾಯಿತು.

"ಹೋಯ್ತಾ?" ಅಂದ.

ಪೂರ್ತಿ ಹೋಗಿರಲಿಕ್ಕಿಲ್ಲ ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಈ ಕ್ಯಾಮೆರಾಕ್ಕೆ ಹಾಕುವ 120 ಫಿಲಂನ ಬೆನ್ನಿಗೆ ಉದ್ದಕ್ಕೂ ಕಾಗದ ಇರುತ್ತದೆ. ಹಿಂದಿನಿಂದ ಬಿದ್ದ ಬೆಳಕು ಮೊದಲು ಆ ಕಾಗದಕ್ಕೆ ತಾಗುತ್ತದೆ, ಅಂಚಿನಿಂದ ಮಾತ್ರ ನುಸುಳುತ್ತದೆ. ಮೊದಲು ತೆಗೆದ ಚಿತ್ರಗಳು ಸುರುಳಿಯ ತೀರಾ ಒಳಗೆ ಇರುತ್ತವೆ. ಕತ್ತಲೆ ಮಾಡಿಕೊಂಡು ರೋಲ್ ಕೊನೆಯವರೆಗೂ ಸುತ್ತಿ ಹೊರಗೆ ತೆಗೆದೆ. ಕಪ್ಪುಬಿಳುಪಿನದು. ತೊಳೆಯಲು ಕಳಿಸಿದೆವು.

ಹನ್ನೆರಡರಲ್ಲಿ ನಾಲ್ಕು ಬಂದವು. ಎರಡರಲ್ಲಿ ಅಂಚು ಬೆಳ್ಳಗೆ ಸುಟ್ಟಿತ್ತು, ಅದು ನನ್ನ ಕೈಕೆಲಸ. ಮೂರನೆಯದರಲ್ಲಿ ಖಾಲಿ ಕುರ್ಚಿ. ನಾಲ್ಕನೆಯದರಲ್ಲಿ ಸಣ್ಣ ಹುಡುಗನೊಬ್ಬ ಚೌಕಟ್ಟಿನಿಂದ ಆಚೆ ಓಡುತ್ತಿದ್ದಾನೆ, ಅರ್ಧ ತಲೆ ಈಗಾಗಲೇ ಹೊರಗೆ. ಈ ಕ್ಯಾಮೆರಾಗಳ ಕನ್ನಡಿಯಲ್ಲಿ ಎಡ ಬಲ ಅದಲುಬದಲು. ಹುಡುಗ ಓಡಿದ ಕಡೆಗೇ ಅಂತ ತಿರುಗಿಸಲು ಹೋಗಿ ಅವನ ಅಪ್ಪ ಕ್ಯಾಮೆರಾವನ್ನು ಉಲ್ಟಾ ಕಡೆಗೆ ತಿರುಗಿಸಿರಬೇಕು. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

"ನಾನೇ ಕಣೋ ಇದು" ಅಂದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂದ, "ನಮ್ಮ ರೋಲೈ ಚೆನ್ನಾಗೇ ತೆಗೆದಿದೆ, ಅಲ್ವಾ?"

ಹೂಂ ಅಂದೆ.