ತಂತಿಗೆ ಕೊಕ್ಕೆ ಹಾಕಿದ ಮೇಲೂ ಬೀಳುವಂತಿಲ್ಲ

ವಿಯಾ ಫೆರಾಟಾ ಎಂದರೆ ಇಟಲಿಯ ಮಾತಿನಲ್ಲಿ ಕಬ್ಬಿಣದ ದಾರಿ. ಕಡಿದಾದ ಬಂಡೆಗೆ ಕೆಲವು ಮೀಟರಿಗೊಂದು ಗೂಟ ಹೊಡೆದು ಉಕ್ಕಿನ ತಂತಿಹಗ್ಗ ಬಿಗಿದಿರುತ್ತಾರೆ. ಕಾಲಿಗೆ ಆಸರೆ ಇಲ್ಲದಲ್ಲಿ ಏಣಿ. ಹತ್ತುವವರು ಸೊಂಟಕ್ಕೆ ಹಾರ್ನೆಸ್ ಎಂಬ ಪಟ್ಟಾ ಬಿಗಿದು, ಅದಕ್ಕೆ ಸೇರಿಸಿದ ಎರಡು ಪಟ್ಟಿಗಳ ತುದಿಯ ಕೊಕ್ಕೆಗಳನ್ನು ಆ ತಂತಿಗೆ ಹಾಕಿಕೊಂಡು ಏರುತ್ತಾರೆ; ಈ ಪಟ್ಟಿ, ಕೊಕ್ಕೆಗಳ ಜೋಡಣೆಗೇ ಕಿಟ್ ಎನ್ನುವುದು. ಮೊದಲ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೈನಿಕರು ಡೊಲೊಮೈಟ್ ಬೆಟ್ಟಗಳಲ್ಲಿ ಇಂಥ ದಾರಿಗಳನ್ನು ಬಹಳ ಮಾಡಿಕೊಂಡರು. ಅಲ್ಲಿಗೆ ಹೊರಡುತ್ತೇನೆ ಎಂದರೆ ಕಲಬುರಗಿಯಲ್ಲಿ ಕೇಳಿಬರುವ ಮಾತು ಒಂದೇ: ‘ತಂತಿ ಕಟ್ಯಾರಲ್ಲ, ಮತ್ತೇನ್ ಅಂಜಿಕಿ?’ ಅಂಜಬೇಕಾದ್ದು ಆ ತಂತಿಯ ಹತ್ತಿರವೇ.

ಲೆಕ್ಕ ಹಾಕಿ ನೋಡಿ. ನೆಟ್ಟನೆಯ ಬಂಡೆಯಲ್ಲಿ ಎರಡು ಗೂಟಗಳ ನಡುವೆ 5 ಮೀಟರ್ ಇದೆ, ನೀವು ಕೆಳಗಿನ ಗೂಟದಿಂದ 4 ಮೀಟರ್ ಮೇಲಿದ್ದೀರಿ. ಕೈ ಜಾರಿತು. ಕೊಕ್ಕೆಗಳು ತಂತಿಗುಂಟ ಜರ್ರನೆ ಕೆಳಗಿನ ಗೂಟದವರೆಗೆ ಇಳಿಯುತ್ತವೆ, ನೀವು ಪಟ್ಟಿಯ ಉದ್ದದಷ್ಟು ಇನ್ನೂ ಕೆಳಗೆ. ಅಂದರೆ ಬಿದ್ದದ್ದು 5 ಮೀಟರ್, ತಡೆಯಲು ಇರುವುದು ಸುಮಾರು 1 ಮೀಟರ್ ಪಟ್ಟಿ. ಮಾಮೂಲಿ ಶಿಲಾರೋಹಣದಲ್ಲಿ ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದರೆ 2ರ ಮೇಲೆ ಹೋಗುವುದಿಲ್ಲ. ಇಲ್ಲಿ 5 ಬರುತ್ತದೆ. ಆ ಹೊಡೆತಕ್ಕೆ ಸಾದಾ ಪಟ್ಟಿ ಹರಿದೀತು, ಇಲ್ಲವೇ ಬೆನ್ನುಮೂಳೆ ಮುರಿದೀತು.

ಅದಕ್ಕೇ ಪಟ್ಟಿಯ ಬುಡದಲ್ಲಿ ಮುಷ್ಟಿಗಾತ್ರದ ಒಂದು ಚೀಲ ಇರುವುದು. ಒಳಗೆ ಮಡಚಿ ಹೊಲಿದ ನೈಲಾನ್ ಪಟ್ಟಿ. ಬಿದ್ದಾಗ ಹೊಲಿಗೆ ಪಟಪಟನೆ ಹರಿಯುತ್ತಾ ಹೊಡೆತವನ್ನು ನುಂಗುತ್ತದೆ. 2017ರ ಇಎನ್ 958 ಎಂಬ ಯುರೋಪಿನ ಸುರಕ್ಷತಾ ಮಾನದಂಡದ ಕಿಟ್ 40ರಿಂದ 120 ಕೆ.ಜಿ. ತೂಕದವರಿಗೆ; ಹೊಲಿಗೆ 2.2 ಮೀಟರ್‌ವರೆಗೂ ಬಿಚ್ಚಿಕೊಳ್ಳಬಹುದು. ಈಗ ಮತ್ತೆ ಕೂಡಿಸಿ: 7 ಮೀಟರ್ ದಾಟಿತು. ಆ 7 ಮೀಟರಿನಲ್ಲಿ ಏಣಿಯ ಸರಳು, ಬಂಡೆಯ ಮೂಲೆ, ಹಿಂದೆ ಬರುವವರ ತಲೆ ಎಲ್ಲ ಇರುತ್ತವೆ. ಕಿಟ್ ಜೀವ ಉಳಿಸುತ್ತದೆ, ಕಾಲು ಉಳಿಸುತ್ತದೆ ಎಂದೇನಿಲ್ಲ. 40 ಕೆ.ಜಿ.ಗಿಂತ ಹಗುರ ಇರುವ ಮಕ್ಕಳನ್ನು ಗೈಡ್ ಬೇರೆ ಹಗ್ಗದಲ್ಲಿ ಕಟ್ಟಿಕೊಂಡೇ ಒಯ್ಯಬೇಕು.

ಬಾಡಿಗೆ ಕಿಟ್ ತೆಗೆದುಕೊಳ್ಳುವಾಗ ತಯಾರಾದ ವರ್ಷ ನೋಡಿ, ಚೀಲದ ಜಿಪ್ ತೆಗೆದು ಹೊಲಿಗೆ ನೋಡಿ. 2012ರಲ್ಲಿ ಆಸ್ಟ್ರಿಯಾದಲ್ಲಿ ಕಿಟ್ ಹರಿದು ಒಬ್ಬರು ಸತ್ತ ಮೇಲೆ ಹಲವು ಕಂಪನಿಗಳು ಹಳೆಯ ಮಾದರಿಗಳನ್ನು ವಾಪಸ್ ಕರೆಸಿಕೊಂಡವು. ಯಾರೋ ಅಟ್ಟದ ಮೇಲಿಟ್ಟದ್ದನ್ನು ಕೊಟ್ಟರೆ ಬೇಡ ಎನ್ನಿ.

ತಪ್ಪಾಗುವುದು ಹೆಚ್ಚಾಗಿ ಎರಡು ಕಡೆ. ಹಾರ್ನೆಸ್‌ನ ಬಗಲಲ್ಲಿ ಸಾಮಾನು ತೂಗುಹಾಕುವ ಸಣ್ಣ ಕುಣಿಕೆಗಳಿರುತ್ತವೆ. ಅವು ಮನುಷ್ಯರನ್ನು ಹೊರುವುದಿಲ್ಲ. ಕಿಟ್ ಸೇರಬೇಕಾದ್ದು ಹೊಟ್ಟೆಯ ಮುಂದಿನ ದಪ್ಪ ಕುಣಿಕೆಗೆ. ಇನ್ನೊಂದು, ಕೆಲಸವಿಲ್ಲದ ಕೊಕ್ಕೆ ಜೋತಾಡಬಾರದೆಂದು ಅದನ್ನು ಅದೇ ದಪ್ಪ ಕುಣಿಕೆಗೆ ಸಿಕ್ಕಿಸುವುದು. ಹಾಗೆ ಮಾಡಿದರೆ ಹೊಡೆತ ಚೀಲವನ್ನು ಬಿಟ್ಟು ನೇರ ಸೊಂಟಕ್ಕೆ ಬರುತ್ತದೆ, ಹೊಲಿಗೆ ಬಿಚ್ಚುವುದೇ ಇಲ್ಲ.

ಗೂಟ ದಾಟುವುದು ಹೀಗೆ: ಮೊದಲು ಎರಡೂ ಕಾಲು ಗಟ್ಟಿ. ಎಡಗೈಯಲ್ಲಿ ತಂತಿ. ಬಲಗೈಯಿಂದ ಒಂದು ಕೊಕ್ಕೆ ತೆಗೆದು ಗೂಟದ ಆಚೆ ಹಾಕಿ. ‘ಟಕ್’ ಸದ್ದು ಕೇಳಬೇಕು. ಆಮೇಲಷ್ಟೇ ಎರಡನೆಯದು. ಎರಡೂ ಒಟ್ಟಿಗೆ ತಂತಿ ಬಿಟ್ಟ ಕ್ಷಣ ಇರಲೇಬಾರದು. ಎರಡು ಗೂಟಗಳ ನಡುವೆ ಒಬ್ಬರೇ; ಮುಂದಿನವರು ದಾಟುವವರೆಗೆ ಕಾಯಿರಿ, ಹಿಂದಿನವರು ಅವಸರ ಮಾಡಿದರೆ ಮಾಡಲಿ. ತೋಳು ಮಡಚಿ ಮೈ ಎಳೆದುಕೊಂಡರೆ ಹತ್ತು ನಿಮಿಷದಲ್ಲಿ ಮುಂಗೈ ಕಲ್ಲಾಗಿ ಬೆರಳು ಕೊಕ್ಕೆ ತೆರೆಯುವುದಿಲ್ಲ. ತೋಳು ನೀಳ ಬಿಟ್ಟು ಕಾಲಿನಿಂದ ಏರಿ. ತೊಗಲಿನ ಕೈಗವಸು ಬೇಕೇಬೇಕು. ಹಳೆಯ ತಂತಿಯ ಎಳೆ ಕಿತ್ತಿದ್ದರೆ ಅಂಗೈಗೆ ಸೂಜಿಯಂತೆ ಹೊಗುತ್ತದೆ.

ಇದನ್ನೆಲ್ಲ ಊರಲ್ಲೇ ಕಲಿಯಬಹುದು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ, ಕೈಗವಸು ತೊಟ್ಟು, ಎರಡು ಕೊಕ್ಕೆ ದಾಟಿಸುತ್ತಾ ದಿನಕ್ಕೆ ನೂರು ಸಲ. ಕಣ್ಣು ಮುಚ್ಚಿ ಆಗುವವರೆಗೆ.

ದಾರಿಯ ವಿಷಯ. ಮೊದಲ ಸಲಕ್ಕೆ ಡೊಲೊಮೈಟಿನ ಬ್ರೆಂಟಾ ಬೆಟ್ಟಸಾಲಿನ ನಾಲ್ಕು ದಿನ ಸರಿಯಾಗುತ್ತದೆ, ಈಗಾಗಲೇ ಎತ್ತರದ ಅಂಜಿಕೆ ಬಿಟ್ಟವರಾದರೆ. ಮಡೋನ್ನಾ ದಿ ಕಂಪೀಲ್ಯೊ ಊರಿಂದ ಗ್ರೊಸ್ಟೆ ಕೇಬಲ್ ಕಾರ್, ಅಲ್ಲಿಂದ ನಡೆದು 2,272 ಮೀಟರಿನ ಟಕೆಟ್ ತಂಗುಮನೆ. ಎರಡನೇ ದಿನ ಸೊಸಾಟ್ ದಾರಿ ಹಿಡಿದು 2,580 ಮೀಟರಿನ ಅಲಿಮೊಂಟಾ. ಮೂರನೇ ದಿನವೇ ಅಸಲು ದಿನ: ಬೊಕ್ಕಾ ದೆಲ್ಯಿ ಆರ್ಮಿ ಕಣಿವೆಬಾಯಿಗೆ ಏರಿ ಬೊಕ್ಕೆಟ್ಟೆ ಚೆಂತ್ರಾಲಿ ಎಂಬ ತಂತಿದಾರಿ. ಏಣಿ ಹತ್ತಿದ ಮೇಲೆ ಬಂಡೆಯ ನಡುಮೈಯಲ್ಲಿ ಮಂಚದ ಅಗಲದ ಕಟ್ಟೆಗಳು, ಒಂದು ಬಗಲಿಗೆ ಗೋಡೆ, ಇನ್ನೊಂದು ಬಗಲಿಗೆ ಗಾಳಿ. ಕಂಬದಂತೆ ನಿಂತ ಕಂಪನೀಲೆ ಬಾಸ್ಸೊ ಶಿಖರದ ಪಕ್ಕದಲ್ಲೇ ದಾರಿ ಹಾಯುತ್ತದೆ. ರಾತ್ರಿ 2,491 ಮೀಟರಿನ ಪೆದ್ರೊಟ್ಟಿ. ಬೊಕ್ಕಾ ದೆಲ್ಯಿ ಆರ್ಮಿಯ ಕೆಳಗೆ ಹಿಮ ಇರುತ್ತದೆ, ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ ಬೇಕೇ ಎಂದು ಹಿಂದಿನ ಸಂಜೆ ತಂಗುಮನೆಯವರನ್ನೇ ಕೇಳಿ.

ಬಂಡೆ ನಮಗೆ ತೀರ ಹೊಸದಲ್ಲ. ಡೊಲೊಮೈಟ್ ಎಂದರೆ ಮೆಗ್ನೀಸಿಯಂ ಬೆರೆತ ಸುಣ್ಣದಕಲ್ಲು, ನಮ್ಮ ಶಹಾಬಾದ್ ಫರ್ಸಿಯ ದೂರದ ನೆಂಟ. ಅಂಗಳದ ಫರ್ಸಿ ಒದ್ದೆಯಾದರೆ ಹೇಗೆ ಜಾರುತ್ತದೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಸಾವಿರಾರು ಬೂಟು ಸವೆಸಿದ ಅಲ್ಲಿನ ಕಲ್ಲೂ ಮಳೆಗೆ ಹಾಗೇ. ನೀರು ಬಿರುಕಿನಲ್ಲಿ ಇಂಗಿಹೋಗುವುದರಿಂದ ಮೇಲೆ ಒರತೆ ಸಿಗುವುದಿಲ್ಲ, ಬೆಳಿಗ್ಗೆ 2 ಲೀಟರ್ ಹೊತ್ತೇ ಹೊರಡಬೇಕು.

ಸಿಡಿಲು ದೊಡ್ಡ ವೈರಿ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುತ್ತದೆ, ತಂತಿಯೋ ಬೆಟ್ಟದುದ್ದಕ್ಕೂ ಎಳೆದ ಮಿಂಚುವಾಹಕ. ದೂರದಲ್ಲಿ ಬಡಿದರೂ ಕೈಗೆ ಬರುತ್ತದೆ. ಕೊಕ್ಕೆ ತೆಗೆದರೆ ಕೆಳಗೆ ಪಾತಾಳ. ಮೇಲೆ ಸಿಕ್ಕಿಕೊಂಡವರಿಗೆ ಒಳ್ಳೆಯ ಉಪಾಯವೇ ಇಲ್ಲವಾದ್ದರಿಂದ ತೀರ್ಮಾನ ಬೆಳಿಗ್ಗೆ 6 ಗಂಟೆಗೇ ಆಗಬೇಕು. 7ರೊಳಗೆ ಹೊರಟು 1ರೊಳಗೆ ತಂತಿ ಬಿಡಿ. ಮುನ್ಸೂಚನೆ ಕೆಟ್ಟದಿದ್ದರೆ ಆ ದಿನ ಕೆಳದಾರಿ.

ತಂಗುಮನೆಗಳು ಸುಮಾರು ಜೂನ್ 20ರಿಂದ ಸೆಪ್ಟೆಂಬರ್ 20ರವರೆಗೆ ತೆರೆದಿರುತ್ತವೆ. ಮೊದಲೇ ಕಾಯ್ದಿರಿಸಿ, ಬರಲಾಗದಿದ್ದರೆ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ ಹುಡುಕಲು ಜನ ಹೊರಡಬಹುದು. ಬೂಟು ಬಾಗಿಲಲ್ಲೇ ಬಿಡಬೇಕು, ನಮ್ಮ ಮನೆಯ ಹಾಗೆ. ಮೈಗೆ ಹೊದೆಯಲು ಹೊಲಿದ ಬಟ್ಟೆಯ ಚೀಲ, ನಗದು ಯೂರೊ, ಕಿವಿಗೆ ಹತ್ತಿ ಇರಲಿ. ಒಂದೇ ಕೋಣೆಯಲ್ಲಿ ಎಂಟು ಜನರ ಗೊರಕೆ ತಡೆಯಲು ಬೇರೆ ದಾರಿಯಿಲ್ಲ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಿ, ಸೂಪಿನಲ್ಲಿ ಮಾಂಸದ ರಸ ಇದೆಯೇ ಎಂದೂ ಕೇಳಿ. ಪೊಲೆಂತಾ ಕೊಟ್ಟರೆ ಬೆದರಬೇಡಿ, ಅದು ಮೆಕ್ಕೆಜೋಳದ ಸಂಗಟಿ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಮಧ್ಯಾಹ್ನದ ಚಿಂತೆ ತೀರಿತು: ಹಗುರ, ನಾಲ್ಕು ದಿನ ಕೆಡುವುದಿಲ್ಲ. ಪೇಢೆ ಮಾತ್ರ ಬೇಡ. ಹೊರದೇಶದ ಹಾಲು, ಮಾಂಸದ ಪದಾರ್ಥಗಳನ್ನು ಯುರೋಪಿನ ಒಕ್ಕೂಟ ಒಳಗೆ ಬಿಡುವುದಿಲ್ಲ.

ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಆದರೆ ಅದರ ಸಣ್ಣಕ್ಷರದಲ್ಲಿ ‘ಪರ್ವತಾರೋಹಣ ಹೊರತು’ ಎಂದಿದ್ದರೆ ಹೆಲಿಕಾಪ್ಟರ್ ಖರ್ಚು ನಿಮ್ಮದೇ. ತುರ್ತು ಸಂಖ್ಯೆ 112. ಫೋನ್ ಸಿಗದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಅಥವಾ ಬೆಳಕು, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಕೊನೆಯ ದಿನದ ಇಳಿತಕ್ಕೆ ಯಾರೂ ತಯಾರಿರುವುದಿಲ್ಲ. ಬೊಕ್ಕಾ ದಿ ಬ್ರೆಂಟಾ ಕಣಿವೆಬಾಯಿ 2,552 ಮೀಟರ್, ಬ್ರೆಂಟೈ ತಂಗುಮನೆ ದಾಟಿ ವಲ್ಲೆಸಿನೆಲ್ಲಾ 1,513. ಒಂದೇ ದಿನದಲ್ಲಿ 1,039 ಮೀಟರ್ ಕೆಳಗೆ, ಅಂದರೆ ಸುಮಾರು 346 ಮಹಡಿ. ನಮ್ಮದು ಬಯಲುಸೀಮೆ, ಮಂಡಿಗೆ ಇಳಿಜಾರಿನ ರೂಢಿ ಇಲ್ಲ. ಯಾದಗಿರಿ ಕೋಟೆಯ ಗುಡ್ಡವೋ ಶಹಾಪುರದ ಬೆಟ್ಟವೋ ಹತ್ತಿರವಿದ್ದರೆ ಬೆನ್ನಿಗೆ 8 ಕೆ.ಜಿ. ಹಾಕಿಕೊಂಡು ವಾರಕ್ಕೆ ಎರಡು ದಿನ ಹತ್ತಿ ಇಳಿಯಿರಿ. ಜುಲೈ ಪ್ರಯಾಣಕ್ಕೆ ಫೆಬ್ರುವರಿಯಲ್ಲೇ ಶುರು. ಏಪ್ರಿಲ್ ಬಂತೆಂದರೆ ಬೆಳಿಗ್ಗೆ 8ರೊಳಗೆ ಗುಡ್ಡ ಇಳಿದಿರಬೇಕು, ಆಮೇಲೆ ಕಲ್ಲು ಹಂಚಾಗುತ್ತದೆ. ಗುಡ್ಡವಿಲ್ಲದವರಿಗೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಕು, ಇಳಿಯುವಾಗ ಲಿಫ್ಟ್ ಹಿಡಿಯದಿದ್ದರೆ.