ಕುಂಚಿಗೆಯ ಅಸ್ತರ

ತಂಗಿ ಗದಗಿನಿಂದ ಬರುವವರ ಕೈಯಲ್ಲಿ ಒಂದು ಚೀಲ ಕೊಟ್ಟು ಕಳಿಸಿದ್ದಳು. ಒಳಗೆ ನಾನು ಹೊಲಿದ ಕುಂಚಿಗೆ, ಕೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವ ಟೊಪ್ಪಿಗೆ. ಅವಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ಗುಳೇದಗುಡ್ಡದ ಕೆಂಪು ಕುಪ್ಪಸದ ಖಣ ತಂದು, ಒಳಗೆ ಬಿಳಿ ಹತ್ತಿಯ ಅಸ್ತರ ಕೊಟ್ಟು, ಮೂರು ರಾತ್ರಿ ಕೂತು ಮುಗಿಸಿದ್ದೆ. ಈಗ ಅದನ್ನು ಮಂಚದ ಮೇಲೆ ಹಾಸಿದರೆ ಹಾಸಿಕೊಳ್ಳಲೊಲ್ಲದು. ಅಸ್ತರ ಒಳಗೆ ಬಿಗಿದು ಖಣವನ್ನು ಜಗ್ಗಿ ಹಿಡಿದಿದೆ. ಖಣ ಅಲ್ಲಲ್ಲಿ ಉಬ್ಬಿದೆ, ಅಂಚೆಲ್ಲ ನೆರಿಗೆ. ಕುತ್ತಿಗೆಯ ಹತ್ತಿರ ಬಿಳಿ ಅರಿವಿಗೆ ಗುಲಾಬಿ ಬಣ್ಣದ ಕಲೆ.

"ಒಂದ ಸಲ ತೊಳದೇನಕ್ಕ, ಅದೂ ತಣ್ಣೀರಾಗ," ಎಂದಳು ತಂಗಿ ಫೋನಿನಲ್ಲಿ. ತಪ್ಪು ತನ್ನದೇ ಎಂಬ ಅಳುಕು ಅವಳ ದನಿಯಲ್ಲಿತ್ತು. ಕುಂಚಿಗೆ ಕೆಟ್ಟದ್ದಕ್ಕಿಂತ ಅದೇ ನನಗೆ ಹೆಚ್ಚು ನೋವಾಯಿತು. ಕೂಸು ಹಾಲು ಕಕ್ಕಿದರೆ ತೊಳೆಯದೆ ಇಡಲು ಬರುತ್ತದೆಯೇ?

ಆಯಿ ಆಗ ಧಾರವಾಡದಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಕುಂಚಿಗೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಅಸ್ತರವನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ ಕೇಳಿದಳು: "ಹೊಸಾ ಅರಿವಿ ಹಾಕಿದ್ಯೇನವಾ ಒಳಗ? ನೀರಿಗೆ ಹಾಕಿ ತಗದಿದ್ದಿಲ್ಲ?"

ತೆಗೆದಿರಲಿಲ್ಲ. ಗಂಜಿ ಇದ್ದ ಹೊಸ ಅರಿವಿ ಗರಿಗರಿಯಾಗಿತ್ತು. ಗುರುತು ಹಾಕಲು ಸಲೀಸು, ಕತ್ತರಿ ಜಾರುವುದಿಲ್ಲ. ಆ ಆಸೆಗೆ ಅಂಗಡಿಯಿಂದ ತಂದ ಹಾಗೆಯೇ ಕತ್ತರಿಸಿದ್ದೆ.

ಆಯಿ ಹೊಲಿದ ಕುಂಚಿಗೆಯಲ್ಲಿ ನಾನೂ ತಂಗಿಯೂ ಬೆಳೆದವರು. ಅದರ ಒಳಗಿದ್ದದ್ದು ಅಜ್ಜನ ಹಳೆಯ ಧೋತರದ ತುಂಡು. ಕೌದಿಗೂ ಆಕೆ ಹಾಕುವುದು ಹಳೆಯ ಸೀರೆ, ಧೋತರಗಳನ್ನೇ. ಇಷ್ಟು ವರ್ಷ ನಾನು ಇದನ್ನು ಬರೀ ಉಳಿತಾಯ ಎಂದುಕೊಂಡಿದ್ದೆ. ಆವತ್ತು ಆಯಿ ಹೇಳಿದ್ದು ಬೇರೆ: "ಹಳೀದು ಜಗ್ಗೂದಷ್ಟೂ ಜಗ್ಗಿ ಮುಗಿಸಿರತೈತಿ. ಹೊಸಾದು ಕೌದಿಯೊಳಗ ಬಂದ ಮ್ಯಾಲೆ ಜಗ್ಗತೈತಿ, ಮಗ್ಗಲದ್ದನ್ನೂ ಕೆಡಸತೈತಿ." ನೂರಾರು ಸಲ ಒಗೆದು ಒಣಗಿಸಿದ ಧೋತರದಲ್ಲಿ ಕುಗ್ಗಲು ಏನೂ ಉಳಿದಿರುವುದಿಲ್ಲ. ಬಿಡಬೇಕಾದ ಬಣ್ಣವೂ ಇರುವುದಿಲ್ಲ.

ಮಗ್ಗದ ಮೇಲೆ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೇಯ್ದ ಮೇಲೆಯೂ ಗಂಜಿ, ಇಸ್ತ್ರಿಗಳು ಆ ಬಿಗಿಯನ್ನು ಹಾಗೇ ಹಿಡಿದಿಟ್ಟಿರುತ್ತವೆ. ನೀರು ಬಿದ್ದಾಗ ಗಂಜಿ ಕರಗುತ್ತದೆ, ಹತ್ತಿಯ ನಾರು ನೀರು ಕುಡಿದು ಉಬ್ಬುತ್ತದೆ. ದಪ್ಪಗಾದ ಹೊಕ್ಕಿನ, ಅಂದರೆ ಅಡ್ಡ ಎಳೆಯನ್ನು ಸುತ್ತಿ ಹಾಯಲು ಹಾಸಿನ ಎಳೆಗೆ ಹೆಚ್ಚು ಉದ್ದ ಬೇಕು. ಆ ಉದ್ದ ಬಟ್ಟೆಯಿಂದಲೇ ಹೋಗಬೇಕು, ಹೀಗಾಗಿ ಬಟ್ಟೆ ಗಿಡ್ಡಾಗುತ್ತದೆ. ಖಣದಲ್ಲಿ ರೇಷ್ಮೆಯೂ ಇರುವುದರಿಂದ ಅದರ ಕುಗ್ಗುವ ಲೆಕ್ಕ ಬೇರೆ. ಎರಡನ್ನೂ ಒಂದೇ ಹೊಲಿಗೆಯಲ್ಲಿ ಕಟ್ಟಿಹಾಕಿ ನೀರಿಗಿಳಿಸಿದ್ದೆವು.

ಮಿಕ್ಕಿದ್ದ ಅಸ್ತರದಲ್ಲಿ 20 ಇಂಚಿನ ಒಂದು ಚೌಕ ಕತ್ತರಿಸಿ, ಹಾಸಿನ ದಿಕ್ಕಿಗೆ ದಾರದ ಗುರುತು ಹಾಕಿ ತೊಳೆದೆ. ಒಣಗಿದ ಮೇಲೆ ಉದ್ದ 19 ಇಂಚು, ಅಗಲ ಹತ್ತೊಂಬತ್ತೂವರೆ. ನೂರಕ್ಕೆ ಐದು ಅಂದರೆ ಸಣ್ಣದೆನಿಸಬಹುದು. ಕೂಸಿನ ತಲೆಗೆ ಕೂಡುವ ಕುಂಚಿಗೆಯಲ್ಲಿ ಅದು ಸಣ್ಣದಲ್ಲ. ಎರಡನೆಯ ಸಲ ತೊಳೆದಾಗ ಒಂದು ನೂಲಿನಷ್ಟು ಇಳಿಯಿತು, ಮೂರನೆಯ ಸಲ ಏನೂ ಇಲ್ಲ. ಹಾಗಾಗಿ ಇನ್ನೊಂದು ಕುಂಚಿಗೆ ಹೊಲಿಯಲೆಂದು ತಂದ ಹೊಸ ಅಸ್ತರವನ್ನು ಕತ್ತರಿಸುವ ಮೊದಲೇ ಮೂರು ಸಲ ತೊಳೆದೆ, ಮುಂದೆ ತಂಗಿ ಹೇಗೆ ಒಗೆಯುತ್ತಾಳೋ ಅದೇ ರೀತಿ, ಅದೇ ಸಾಬೂನಿನಲ್ಲಿ. ಮೊದಲು ಅಂಚುಗಳಿಗೆ ಮಿಷನ್ನಿನಲ್ಲಿ ಒಂದು ಜಿಗ್‌ಜಾಗ್ ಹೊಲಿಗೆ ಓಡಿಸಿದೆ. ಇಲ್ಲದಿದ್ದರೆ ಎಳೆ ಬಿಚ್ಚಿ ಬಕೆಟ್ಟಿನ ತುಂಬ ನೂಲಿನ ಸಿಕ್ಕು.

ಹೊಸ ಖಣದ್ದು ನಾಜೂಕು ಕೆಲಸ. ಒಂದು ಮೂಲೆಯನ್ನು ಒದ್ದೆ ಮಾಡಿ, ಮೇಲೆ ಬಿಳಿ ಕರವಸ್ತ್ರ ಒತ್ತಿದೆ. ಬ್ಯಾಡಗಿ ಮೆಣಸಿನಕಾಯಿ ನೆನೆಸಿದ ನೀರಿನ ಬಣ್ಣ ಹತ್ತಿಕೊಂಡಿತು. "ಉಪ್ಪ ಹಾಕಿದರ ನಿಂದರತೈತಿ," ಎಂದರು ಅತ್ತೆ. ಬಣ್ಣ ಅದ್ದುವವರಿಗೆ ಉಪ್ಪು ಬೇಕು, ಹತ್ತಿಯ ಎಳೆಗೆ ಬಣ್ಣ ಹತ್ತಲು ಅದು ನೆರವಾಗುತ್ತದೆ. ಆದರೆ ಅದ್ದುವಾಗಲೇ ಹತ್ತದೆ ಉಳಿದ ಬಣ್ಣಕ್ಕೆ ಹೊರಗೆ ಹೋಗುವುದೊಂದೇ ದಾರಿ. ಖಣವನ್ನೊಂದನ್ನೇ ಬೇರೆಯಾಗಿ ತಣ್ಣೀರಲ್ಲಿ ಅದ್ದಿ ತೆಗೆದೆ, ನೆನೆಯಲು ಬಿಡಲಿಲ್ಲ, ಹಿಂಡಲಿಲ್ಲ. ಮೊದಲ ನೀರು ಕೆಂಪು, ಎರಡನೆಯದು ತಿಳಿಗುಲಾಬಿ, ನಾಲ್ಕನೆಯದು ತಿಳಿಯಾಯಿತು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಅಲ್ಲಿಯೂ ಖಾದಿ ಮೊದಲು ಬಿಳುಪಾಗಿ, ಬಣ್ಣದಲ್ಲಿ ಅದ್ದಿಸಿಕೊಂಡು ಬಂದ ಮೇಲೆಯೇ ಕತ್ತರಿಗೆ ಹೋಗುವುದು. ನೀರು ಮೊದಲು, ಕತ್ತರಿ ಆಮೇಲೆ. ಬಟ್ಟೆಯನ್ನು ತೊಳೆಯುತ್ತ ಇದು ನೆನಪಾಯಿತು, ಸಮಾಧಾನವೂ ಆಯಿತು.

ಆದರೆ ಆಷಾಢ. ಧಾರವಾಡದ ಜಿಟಿಜಿಟಿ ಮಳೆಗೆ ಅಂಗಳದ ಹಗ್ಗ ಖಾಲಿ. ಒಳಗೆ ಫ್ಯಾನಿನ ಕೆಳಗೆ ಹರವಿದ ಅಸ್ತರ ಪ್ರತಿ ಸಲ ಎರಡು ದಿನ ತೆಗೆದುಕೊಂಡಿತು. ಅವಸರ ಇದ್ದರೂ ಕಾದೆ. ಅರೆಹಸಿ ಇರುವಾಗಲೇ ಆಯಿ ಒಂದು ತುದಿ, ನಾನೊಂದು ತುದಿ ಹಿಡಿದು ಓರೆಯಾದ ಎಳೆಗಳನ್ನು ಎಳೆದು ನೇರ ಮಾಡಿದೆವು, ಆಮೇಲೆ ಇಸ್ತ್ರಿ. ಗರಿಗರಿ ಹೋಗಿತ್ತು. ಕತ್ತರಿಯ ಕೆಳಗೆ ಅರಿವಿ ಜಾರುತ್ತಿತ್ತು. ಗುಂಡುಸೂಜಿ ಹೆಚ್ಚು ಬೇಕಾದವು, ಕಚ್ಚಾ ಹೊಲಿಗೆ ಮೊದಲು ಹಾಕಬೇಕಾಯಿತು. ಆದರೆ ಈ ಮೆತ್ತಗಿನ ಅರಿವಿ ಕೂಸಿನ ಕೆನ್ನೆಗೆ ತಾಗುವುದು ಎಂದು ನೆನೆದರೆ ಆ ಕೆಲಸ ಭಾರವಾಗಲಿಲ್ಲ.

ಪಂಚಮಿಗೆ ಗದಗಿಗೆ ಹೋದಾಗ ಹೊಸ ಕುಂಚಿಗೆ ಆಗಲೇ ನಾಲ್ಕು ಸಲ ನೀರು ಕಂಡಿತ್ತು. ಒಳಗಿನದನ್ನು ಹೊರಗೆ ಮಾಡಿ ನೋಡಿದೆ. ಅಸ್ತರ ಸಪಾಟಾಗಿ ಬಿಳಿಯಾಗಿತ್ತು.

ಹಳೆಯದನ್ನು ಆಯಿ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಎರಡು ಮಾಡಿದ್ದಳು. "ಇನ್ನ ಇದು ಜಗ್ಗಂಗಿಲ್ಲ," ಎಂದು ಅಸ್ತರದ ತುಂಡನ್ನು ಗುಲಾಬಿ ಕಲೆಯ ಸಮೇತ ಕೌದಿಯ ಗಂಟಿಗೆ ಸೇರಿಸಿದಳು.