ತಟ್ಟ್ಯಾಗಿನ ಕೆಂಪು

ಬೆಳಿಗ್ಗೆ ಅಂಗಳದಾಗ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ ಕುಂತೆ. ಚೈನ್ ತೊಳೆಯಾಕ.

ಹಳೇ ಟೂತ್ ಬ್ರಷ್, ಒಂದೀಟು ಸೀಮೆಎಣ್ಣಿ, ಕೆಳಗ ತಗಡಿನ ತಟ್ಟಿ. ಇಂಜಿನ್ ಬಂದ್, ಗಾಡಿ ನ್ಯೂಟ್ರಲ್. ಚಕ್ರ ಕೈಲೇ ತಿರುಗಿಸಬೇಕು. ಇಂಜಿನ್ ಚಾಲೂ ಇಟ್ಟು ಒರೆಸೋರನ್ನ ಕಂಡ್ರ ಎದಿ ಝಲ್ ಅಂತೈತಿ. ಬಟ್ಟಿ ಸಿಕ್ರ ಅದರ ಹಿಂದ ಬೆರಳೂ ಹೋಗ್ತಾವ.

ತಟ್ಟಿಗೆ ಇಳಿದ ಎಣ್ಣಿ ಬರೇ ಕರ್ರಗಿರಲಿಲ್ಲ. ಕೆಂಪು.
ಸಂಡೂರು ದಾರಿ ಧೂಳು.
ದಿನಾ ಅದಿರಿನ ಲಾರಿ ಹಿಂದ ಹೋಗಿ ಬರೋದು. ಎರಡು ಬೆರಳ ನಡುವ ತಿಕ್ಕಿ ನೋಡಿದೆ, ಉಪ್ಪಿನ ಕಾಗದದಂಗ ತರಿತರಿ. ಇದೇ ಎಣ್ಣಿ ಜೋಡಿ ಸೇರಿ ಕೊಂಡಿಯೊಳಗಿನ ಪಿನ್ನು ಸವೆಸ್ತೈತಿ.

ಒಣಬಟ್ಟೀಲೆ ಒರೆಸಿ, 90 ನಂಬರ್ ಗೇರ್ ಆಯಿಲ್ ಹನಿಹನಿ ಬಿಟ್ಟೆ, ಚೈನಿನ ಒಳಮಗ್ಗುಲಿಗೆ. ಚಕ್ರ ತಿರುಗಿದಂಗ ತಾನೇ ಹೊರಗ ಹಬ್ಬತೈತಿ. ಅರ್ಧ ತಾಸು ಬಿಟ್ಟು ಮೇಲಿನ ಜಿಡ್ಡು ಒರೆಸಿದೆ. ಇಲ್ಲಾಂದ್ರ ನಾಳಿನ ಧೂಳೆಲ್ಲ ಅದಕ್ಕೇ ಅಂಟತೈತಿ.

ಅವ್ವ ಬಾಗಿಲಿಗೆ ಬಂದು ತಟ್ಟಿ ನೋಡಿದ್ಲು. ಬಾಳೊತ್ತು ನೋಡಿದ್ಲು.
"ನಿನ್ನ ಎದ್ಯಾಗ ಎಷ್ಟೈತೋ ಏನೋ ಯಪ್ಪಾ."

ಸಂಜಿಗೆ ಪ್ಯಾಟಿಗೆ ಹೋದಾಗ ಮೂಗಿಗೆ ಕಟ್ಟಾಕ ಎರಡು ದಪ್ಪ ಕರ್ಚೀಫ್ ತಂದೆ. ಹೋಗ್ತಾ ಬರ್ತಾ ಚೈನ್ ಒಂದ್ ಸದ್ದು ಮಾಡಲಿಲ್ಲ.